ಕೇರ್ ಉಪ್ಪಿಟ್ಟು ಮತ್ತು ನೀರು ಬೇಡದ ಊಟ

ಅರವತ್ತು ದಾಟಿದವರನ್ನು ಕೇಳಿ ನೋಡಿ, ಸರ್ಕಾರಿ ಶಾಲೆಯ ಕೇರ್ ಉಪ್ಪಿಟ್ಟು ನೆನಪಿದೆಯಾ ಅಂತ. ತಕ್ಷಣ ಮುಖ ಅರಳುತ್ತದೆ. ಹಳದಿ ಬಣ್ಣ, ಒಂಥರಾ ಎಣ್ಣೆ ವಾಸನೆ, ಮನೆಯಿಂದ ಹೊತ್ತು ತಂದ ತಟ್ಟೆ, ಉದ್ದನೆಯ ಸಾಲು. ಜೊತೆಗೆ ಹಾಲಿನ ಪುಡಿ. ಅದನ್ನು ಕಲಸಿ ಕುಡಿದವರಿಗಿಂತ ಅಂಗೈಗೆ ಹಾಕಿಸಿಕೊಂಡು ನೆಕ್ಕಿದವರೇ ಜಾಸ್ತಿ. ಅಂಗುಳಕ್ಕೆ ಅಂಟಿ ಕೂರುತ್ತಿತ್ತಂತೆ.

ಕೇರ್ ಅನ್ನುವುದು ಅಮೆರಿಕದ ಒಂದು ಸೇವಾಸಂಸ್ಥೆ. ಆದರೆ ಅದು ಹಂಚುತ್ತಿದ್ದ ಹಿಟ್ಟು, ಎಣ್ಣೆ, ಹಾಲಿನ ಪುಡಿ ಬರುತ್ತಿದ್ದದ್ದು ಅಮೆರಿಕ ಸರ್ಕಾರದಿಂದ. 1954ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ, ಉಳಿದ ಬೆಳೆಯನ್ನು ಹೊರದೇಶಗಳಿಗೆ ಕಳಿಸುವ ಪಿ.ಎಲ್. 480 ಕಾನೂನು ಇದರ ಬೇರು. ಅಲ್ಲಿನ ರೈತರು ಬೇಕಾದ್ದಕ್ಕಿಂತ ಹೆಚ್ಚು ಬೆಳೆಯುತ್ತಿದ್ದರು. ಬೆಲೆ ಬೀಳಬಾರದೆಂದು ಸರ್ಕಾರವೇ ಕೊಂಡು ಗೋದಾಮು ತುಂಬಿಸುತ್ತಿತ್ತು. ತುಂಬಿದ್ದನ್ನು ಖಾಲಿ ಮಾಡಬೇಕಿತ್ತು, ಹಸಿದವರಿಗೆ ತಲುಪಿಸಿದ ಪುಣ್ಯವೂ ಬೇಕಿತ್ತು. ಜೊತೆಗೆ ರಾಜಕೀಯವೂ ಇತ್ತು. 1960ರ ದಶಕದ ನಡುವೆ ಭಾರತಕ್ಕೆ ಭೀಕರ ಬರ ಬಂದಾಗ ಅಮೆರಿಕದ ಗೋಧಿಯಲ್ಲಿ ಸುಮಾರು ಐದನೇ ಒಂದು ಪಾಲು ನಮ್ಮ ಕಡೆಗೇ ಬಂತು. ಆದರೆ ಅಧ್ಯಕ್ಷ ಜಾನ್ಸನ್ ಅದನ್ನು ಒಂದೇ ಸಲ ಬಿಡಲಿಲ್ಲ. ಹಗ್ಗ ಬಿಗಿ ಹಿಡಿದು, ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಿದ್ದರು.

ಅಂದರೆ ನಮ್ಮ ತಟ್ಟೆಗೆ ಬಿದ್ದದ್ದು ನಮಗೆ ಬೇಕಾದದ್ದಲ್ಲ, ಅವರ ಬಳಿ ಉಳಿದದ್ದು. ಹಾಗಂತ ಅದು ಕಳಪೆ ಅಂತಲ್ಲ. ಆ ಕಾಲಕ್ಕೆ ತಯಾರಾದ ಮೆಕ್ಕೆಜೋಳ, ಸೋಯಾ, ಹಾಲಿನ ಪುಡಿಯ ಮಿಶ್ರಣದಲ್ಲಿ ಒಂದು ಜಾಣತನವಿದೆ. ಮೆಕ್ಕೆಜೋಳದ ಪ್ರೋಟೀನ್‌ನಲ್ಲಿ ಲೈಸೀನ್ ಎಂಬ ಅಂಶ ಕಡಿಮೆ. ಸೋಯಾದಲ್ಲಿ ಅದು ಬೇಕಾದಷ್ಟಿದೆ. ಸೋಯಾದಲ್ಲಿ ಕಡಿಮೆ ಇರುವ ಮೆಥಿಯೋನೀನ್ ಮೆಕ್ಕೆಜೋಳದಲ್ಲಿ ಸಿಗುತ್ತದೆ. ಅನ್ನಕ್ಕೆ ಬೇಳೆ ಸಾರು ಸೇರಿಸಿ ಉಣ್ಣುವ ನಾವು ಈ ಲೆಕ್ಕವನ್ನು ಹೆಸರು ಗೊತ್ತಿಲ್ಲದೆಯೇ ಮಾಡುತ್ತಾ ಬಂದಿದ್ದೇವೆ, ಅಲ್ವಾ?

ಶಾಲೆಗೆ ಓಡಿಬರುವ ಮಗುವಿಗೆ ಇಷ್ಟು ಸಾಕು. ಹಸಿವಿನಿಂದ ಸಾಯುವ ಅಂಚಿನಲ್ಲಿರುವ ಒಂದೂವರೆ ವರ್ಷದ ಮಗುವಿಗೆ ಸಾಲದು. ಯಾಕೆ ಅಂತ ತಿಳಿಯಲು ಆ ಮಗುವಿನ ಮೈಯೊಳಗೆ ಏನು ನಡೆಯುತ್ತದೆ ಅಂತ ನೋಡಬೇಕು.

ಊಟ ಸಿಗದಾಗ ದೇಹ ಮೊದಲು ಕೊಬ್ಬನ್ನು, ಆಮೇಲೆ ಮಾಂಸಖಂಡವನ್ನು ಕರಗಿಸಿಕೊಂಡು ಬದುಕುತ್ತದೆ. ಹೃದಯವೂ ಮಾಂಸಖಂಡವೇ, ಅದೂ ಸೊರಗುತ್ತದೆ. ಮೂತ್ರಪಿಂಡ, ಕರುಳು ಎಲ್ಲ ನಿಧಾನವಾಗುತ್ತವೆ. ಇಂಥ ಮಗುವಿಗೆ ಕರುಣೆಯಿಂದ ಒಮ್ಮೆಲೇ ಹೊಟ್ಟೆ ತುಂಬಾ ಉಣ್ಣಿಸಿದರೆ ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ ಸರಕ್ಕನೆ ಜೀವಕೋಶಗಳ ಒಳಗೆ ಹೋಗಿಬಿಡುತ್ತವೆ. ಹೃದಯ ನಿಂತೇ ಹೋಗಬಹುದು. ಹಸಿದವರನ್ನು ಊಟವೇ ಕೊಲ್ಲುವುದು ಹೀಗೆ. ಅದಕ್ಕೇ ವೈದ್ಯರು ಮೊದಲು ಎಫ್-75 ಎಂಬ ತೆಳು ಹಾಲು, ಮಗು ಚೇತರಿಸಿಕೊಂಡ ಮೇಲೆ ಎಫ್-100 ಎಂಬ ಗಟ್ಟಿ ಹಾಲು ಕೊಡುತ್ತಾರೆ. ಹೆಸರಿನಲ್ಲೇ ಲೆಕ್ಕ ಇದೆ: 100 ಮಿಲಿ ಲೀಟರ್‌ಗೆ 75 ಅಥವಾ 100 ಕ್ಯಾಲೊರಿ.

ಎಫ್-100 ಕೆಲಸ ಮಾಡುತ್ತಿತ್ತು, ಆಸ್ಪತ್ರೆಯಲ್ಲಿ ಮಾತ್ರ. ಪುಡಿಗೆ ನೀರು ಬೆರೆಸಬೇಕು. ಬರದ ಊರಲ್ಲಿ ಶುದ್ಧ ನೀರು ಎಲ್ಲಿಂದ ಬರಬೇಕು? ಬೆರೆಸಿದ ಹಾಲು ಸೆಕೆಗೆ ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳ ಊಟವಾಗುತ್ತದೆ. ಹಾಗಾಗಿ ತಾಯಿ ವಾರಗಟ್ಟಲೆ ಆಸ್ಪತ್ರೆಯಲ್ಲೇ ಇರಬೇಕಿತ್ತು. ಮನೆಯಲ್ಲಿ ಉಳಿದ ಮಕ್ಕಳು? ಬಿತ್ತನೆ? ಎಷ್ಟೋ ತಾಯಂದಿರು ಅರ್ಧಕ್ಕೇ ಎದ್ದು ಹೋಗುತ್ತಿದ್ದರು.

ಫ್ರಾನ್ಸಿನ ವೈದ್ಯ ಆಂದ್ರೆ ಬ್ರಿಯಾಂದ್ ತಲೆ ಕೆಡಿಸಿಕೊಂಡದ್ದು ಇದಕ್ಕೇ. ಬಿಸ್ಕತ್ತು, ಬಾರ್ ಹೀಗೆ ಏನೇನೋ ಮಾಡಿ ನೋಡಿದರು. ಕೊನೆಗೆ ಬ್ರೆಡ್ಡಿಗೆ ಹಚ್ಚುವ ಚಾಕಲೇಟ್ ಪೇಸ್ಟಿನ ಬಾಟಲಿ ನೋಡಿ ಉಪಾಯ ಹೊಳೆಯಿತು ಅನ್ನುತ್ತಾರೆ. ನಾರ್ಮಂಡಿಯ ನ್ಯೂಟ್ರಿಸೆಟ್ ಕಂಪನಿಯ ಮಿಷೆಲ್ ಲೆಸ್ಕಾನ್ ಜೊತೆ ಸೇರಿ, 1990ರ ದಶಕದ ಕೊನೆಯ ಹೊತ್ತಿಗೆ ಎಫ್-100ರ ಹಾಲಿನ ಪುಡಿಯಲ್ಲಿ ಒಂದು ಪಾಲನ್ನು ತೆಗೆದು ಅರೆದ ಕಡಲೆಕಾಯಿ ಹಾಕಿದರು. ಸಕ್ಕರೆ, ಹಾಲಿನ ಪುಡಿ, ವಿಟಮಿನ್, ಖನಿಜಗಳ ನುಣ್ಣನೆ ಕಣಗಳು ಎಣ್ಣೆಯಲ್ಲಿ ತೇಲುವ ಪೇಸ್ಟ್ ಅದು. ಹೆಸರು ಪ್ಲಂಪಿನಟ್. ಒಂದು ಪೊಟ್ಟಣ 92 ಗ್ರಾಂ, 500 ಕ್ಯಾಲೊರಿ.

ಇಲ್ಲಿನ ಗುಟ್ಟು ಕಡಲೆಕಾಯಿಯಲ್ಲ, ನೀರಿಲ್ಲದಿರುವುದು. ಉಪ್ಪಿನಕಾಯಿ ಜಾಡಿಗೆ ಒದ್ದೆ ಚಮಚ ಹಾಕಿದರೆ ಅಜ್ಜಿ ಬೈಯುತ್ತಿದ್ದದ್ದು ಯಾಕೆ? ನೀರಿದ್ದಲ್ಲಿ ಮಾತ್ರ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುವುದು. ಈ ಪೇಸ್ಟಿನಲ್ಲಿ ಅವಕ್ಕೆ ಸಿಗುವಷ್ಟು ನೀರೇ ಇಲ್ಲ. ಬೇಯಿಸಬೇಕಿಲ್ಲ, ಕಲಸಬೇಕಿಲ್ಲ, ಫ್ರಿಜ್ ಬೇಕಿಲ್ಲ. ಮೂಲೆ ಹರಿದು ಕೈಗಿಟ್ಟರೆ ಮಗು ತಾನೇ ಹಿಂಡಿ ಚೀಪುತ್ತದೆ. ಬೇರೆ ಕಾಯಿಲೆ ಇಲ್ಲದ, ಹಸಿವಾಗುತ್ತಿರುವ ಮಗುವಿಗೆ ಮನೆಯಲ್ಲೇ ಚಿಕಿತ್ಸೆ ಸಾಧ್ಯವಾಯಿತು. ಮಲಾವಿ ದೇಶದಲ್ಲಿ 2001ರಲ್ಲಿ ಅಮೆರಿಕದ ವೈದ್ಯ ಮಾರ್ಕ್ ಮನಾರಿ ವಾರ್ಡಿನ ಮಕ್ಕಳನ್ನು ಈ ಪೇಸ್ಟ್ ಕೊಟ್ಟು ಮನೆಗೆ ಕಳಿಸಿದಾಗ ಹುಬ್ಬೇರಿಸಿದವರೇ ಬಹಳ. ಆದರೆ ಆಸ್ಪತ್ರೆಯಲ್ಲಿ ಉಳಿದ ಮಕ್ಕಳಿಗಿಂತ ಅವರೇ ಚೆನ್ನಾಗಿ ಚೇತರಿಸಿಕೊಂಡರು. 2005ರಲ್ಲಿ ನೈಜರ್ ದೇಶದ ಹಸಿವಿನ ಸಮಯದಲ್ಲಿ ಹತ್ತಾರು ಸಾವಿರ ಮಕ್ಕಳಿಗೆ ಇದು ಸಿಕ್ಕಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮುದ್ರೆ ಒತ್ತಿದವು.

ಯಾವ ಮಗುವಿಗೆ ಬೇಕು ಅಂತ ತಿಳಿಯಲು ತೋಳಿಗೆ ಸುತ್ತುವ ಒಂದು ಅಳತೆ ಪಟ್ಟಿ ಸಾಕು. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಕೆಂಪು. ನಮ್ಮ ಕೆಲವು ಅಂಗನವಾಡಿಗಳಲ್ಲೂ ಈ ಪಟ್ಟಿ ಇದೆ. ಆರರಿಂದ ಎಂಟು ವಾರ, ಸುಮಾರು 150 ಪೊಟ್ಟಣ, ಅಂದರೆ ಒಂದು ರಟ್ಟಿನ ಪೆಟ್ಟಿಗೆ. ಒಂದು ಮಗುವಿನ ಲೆಕ್ಕ ಇಷ್ಟೇ.

ಪೆಟ್ಟಿಗೆಯ ದುಡ್ಡು ಯಾರು ಕೊಡುತ್ತಾರೆ? ಬಹುಪಾಲು ಶ್ರೀಮಂತ ದೇಶಗಳ ಸರ್ಕಾರಗಳು, ಅದರಲ್ಲೂ 2025ರ ಆರಂಭದ ತನಕ ಹೆಚ್ಚಾಗಿ ಅಮೆರಿಕ. ಅಲ್ಲಿನ ಜನರನ್ನು ಕೇಳಿದರೆ ಬಜೆಟ್ಟಿನ ಕಾಲು ಭಾಗ ವಿದೇಶಿ ನೆರವಿಗೇ ಹೋಗುತ್ತದೆ ಅನ್ನುತ್ತಾರೆ. ನಿಜಕ್ಕೂ ಹೋಗುತ್ತಿದ್ದದ್ದು ನೂರಕ್ಕೆ ಒಂದರ ಆಸುಪಾಸು. ಆ ಒಂದರಲ್ಲೂ ಹಳೆಯ ಗೋದಾಮಿನ ನೆರಳಿದೆ. ನೆರವಿನ ಧಾನ್ಯ ಹೆಚ್ಚಾಗಿ ಅಮೆರಿಕದಲ್ಲೇ ಬೆಳೆದದ್ದಾಗಿರಬೇಕು. ಅದರಲ್ಲಿ ಕನಿಷ್ಠ ಅರ್ಧ ಅಮೆರಿಕದ ಬಾವುಟದ ಹಡಗಿನಲ್ಲೇ ಹೋಗಬೇಕು. ಅಲ್ಲಿನ ಸಂಸತ್ತಿನ ಲೆಕ್ಕ ತಪಾಸಕರು 2009ರಲ್ಲಿ ಹೋಲಿಸಿ ನೋಡಿದರು. ಆಫ್ರಿಕಾದಲ್ಲೇ ಕೊಂಡರೆ ಖರ್ಚು ಶೇ. 34ರಷ್ಟು ಕಡಿಮೆ. ಅಮೆರಿಕದಿಂದ ಸರಕು ತಲುಪಲು ಸರಾಸರಿ 147 ದಿನ, ನೆರವು ಬೇಕಾದ ದೇಶದಲ್ಲೇ ಕೊಂಡರೆ 35 ದಿನ. ಕೆಂಪು ಪಟ್ಟಿಯ ಮಗುವಿಗೆ 147 ದಿನ ಕಾಯಲು ಆಗುತ್ತದಾ?

ಪೇಸ್ಟಿಗೂ ಬಿಸ್ಕತ್ತಿಗೂ ವಾಯಿದೆ ಇದೆ. ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಕಮಟು ಹಿಡಿಯುತ್ತದೆ, ವಿಟಮಿನ್‌ಗಳು ಕುಂದುತ್ತವೆ. ಪೊಟ್ಟಣದೊಳಗೆ ನೈಟ್ರೋಜನ್ ತುಂಬಿ ಪೇಸ್ಟನ್ನು ಎರಡು ವರ್ಷದ ತನಕ ಕಾಪಾಡಬಹುದು. ಫೈಲು ಮುಂದೆ ಹೋಗದಿದ್ದರೆ ನೈಟ್ರೋಜನ್ ಏನು ಮಾಡೀತು! 2025ರ ಜನವರಿಯಲ್ಲಿ ಟ್ರಂಪ್ ಸರ್ಕಾರ ವಿದೇಶಿ ನೆರವನ್ನು ತಡೆಹಿಡಿಯಿತು. 1961ರಿಂದ ಅಮೆರಿಕದ ನೆರವನ್ನು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆ ಜುಲೈ 1ರಂದು ಮುಚ್ಚಿತು. ಅಫ್ಘಾನಿಸ್ತಾನ, ಪಾಕಿಸ್ತಾನದ ಮಕ್ಕಳಿಗೆಂದು ಕೊಂಡಿದ್ದ ಸುಮಾರು 500 ಟನ್ ಪೌಷ್ಟಿಕ ಬಿಸ್ಕತ್ತು ದುಬೈ ಗೋದಾಮಿನಲ್ಲಿ ಕೂತೇ ಇತ್ತು. ಹಂಚಲು ಅಪ್ಪಣೆ ಕೊಡಿ ಅಂತ ಸಿಬ್ಬಂದಿ ಕೇಳುತ್ತಲೇ ಇದ್ದರು. ಜುಲೈನಲ್ಲಿ ವಾಯಿದೆ ಮುಗಿಯಿತು. ಸುಮಾರು 8 ಲಕ್ಷ ಡಾಲರಿನ ಮಾಲು. ಸುಡುವುದಕ್ಕೇ ಮತ್ತೆ 1 ಲಕ್ಷ 30 ಸಾವಿರ ಡಾಲರ್. ಹದಿನೈದು ಲಕ್ಷ ಮಕ್ಕಳಿಗೆ ಒಂದು ವಾರಕ್ಕೆ ಆಗುವಷ್ಟಿತ್ತು. ನೆರವು ದಂಡ ಅನ್ನುವವರ ಮಾತು ಕೊನೆಗೂ ನಿಜವಾಯಿತು, ಅವರೇ ನಿಜ ಮಾಡಿದರು.

ನಮ್ಮ ದೇಶದ ಕಥೆಯೂ ಸೊಟ್ಟಗಿದೆ. 2009ರಲ್ಲಿ ಯುನಿಸೆಫ್ ಬಿಹಾರ, ಮಧ್ಯಪ್ರದೇಶದ ಮಕ್ಕಳಿಗೆಂದು ಈ ಪೇಸ್ಟ್ ತರಿಸಿದಾಗ ಭಾರತ ಸರ್ಕಾರ 'ನಮ್ಮನ್ನು ಕೇಳದೆ ತಂದಿದ್ದೀರಿ' ಅಂತ ವಾಪಸ್ ಒಯ್ಯಲು ಹೇಳಿತು. ಹೊರಗಿನ ಪೊಟ್ಟಣ ಬೇಡ, ಇಲ್ಲೇ ಬೇಯಿಸಿದ ಬಿಸಿ ಊಟ ಇರಲಿ ಅನ್ನುವ ವಾದ ನಮ್ಮಲ್ಲಿ ಗಟ್ಟಿಯಾಗಿದೆ. ನನಗೆ ಅದು ಅರ್ಧ ಸರಿ ಅನಿಸುತ್ತದೆ. ಶಾಲೆಯ ಮಗುವಿಗೆ ಸರಿ, ಕೆಂಪು ಪಟ್ಟಿಯ ಮಗುವಿಗೆ ಅಷ್ಟು ಖಚಿತವಾಗಿ ಹೇಳಲಾರೆ. ಅಷ್ಟರಲ್ಲಿ ಭಾರತದ ಕಾರ್ಖಾನೆಗಳು ಇದೇ ಪೇಸ್ಟನ್ನು ಪೊಟ್ಟಣ ಕಟ್ಟಿ ಯುನಿಸೆಫ್‌ಗೆ ಮಾರುತ್ತಿವೆ. ಪೆಟ್ಟಿಗೆಗಳು ನಮ್ಮ ಬಂದರಿನಿಂದ ಹೊರದೇಶಗಳಿಗೆ ಹಡಗು ಹತ್ತುತ್ತವೆ.