ಮಾರ್ಚ್‌ನ ಅವಸರ, ಜೂನ್‌ನ ಅಗತ್ಯ

ಮಾರ್ಚ್ ಮೂರನೇ ವಾರ ಬಂತೆಂದರೆ ನಮ್ಮ ಕಚೇರಿಗೆ ಒಂದೇ ಬಗೆಯ ಫೋನುಗಳು. "ಆಡಿಟರ್ ಸಾರ್, ಖಾತೆಯಲ್ಲಿ ದುಡ್ಡು ಉಳಿದುಬಿಟ್ಟಿದೆ. 31ರೊಳಗೆ ಖರ್ಚು ಮಾಡ್ಲೇಬೇಕಲ್ವಾ?" ಕೇಳುವವರು ಮೈಸೂರು, ಮಂಡ್ಯದ ಸಣ್ಣ ಟ್ರಸ್ಟುಗಳವರು. ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನಲ್ಲಿ ಕೆಲಸ ಮಾಡಿದವರು, ಒಂದೇ ಬ್ಯಾಚಿನಲ್ಲಿ ಓದಿದ ಗೆಳೆಯರು ಸೇರಿ ಕಟ್ಟಿಕೊಂಡ ಟ್ರಸ್ಟುಗಳು ಇವು. ಬಡ ಮಕ್ಕಳ ಓದಿಗೆ, ಅವರ ಮನೆಯ ತೀರಾ ಅಗತ್ಯದ ಖರ್ಚಿಗೆ ನೆರವಾಗುವುದು ಉದ್ದೇಶ. ಫೋನ್ ಬಂದ ಕೆಲವೇ ದಿನಕ್ಕೆ ನೋಟ್‌ಬುಕ್, ಬ್ಯಾಗು, ಜಾಮಿಟ್ರಿ ಬಾಕ್ಸಿನ ಬಿಲ್ಲು ನನ್ನ ಮೇಜಿಗೆ ಬರುತ್ತದೆ.

ನೋಟ್‌ಬುಕ್ ಕೊಡುವುದು ತಪ್ಪಲ್ಲ. ಆದರೆ ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರ, ಶೂ, ಸಾಕ್ಸು 10ನೇ ತರಗತಿವರೆಗೆ ಸರ್ಕಾರದಿಂದಲೇ ಬರುತ್ತವೆ. ಬಿಸಿಯೂಟ ಇದೆ, ಹಾಲು ಇದೆ. ಅದರ ಮೇಲೆ ಊರಿನ ಸಂಘಗಳು, ಹುಟ್ಟುಹಬ್ಬ ಮಾಡಿಕೊಳ್ಳುವ ಮುಖಂಡರು, ಎಲ್ಲರೂ ಹಂಚುವುದು ನೋಟ್‌ಬುಕ್ಕನ್ನೇ. ಹೆದ್ದಾರಿ ಪಕ್ಕದ ಶಾಲೆಗೆ ಎರಡು ಮೂರು ಕಡೆಯಿಂದ ಬಂದು ಬೀಳುತ್ತದೆ. ಎಚ್.ಡಿ. ಕೋಟೆಯ ಆದಿವಾಸಿ ಹಾಡಿಯವರೆಗೆ, ಕಬ್ಬು ಕಡಿಯಲು ಬಂದವರ ಟೆಂಟಿನವರೆಗೆ ಹೋಗುವವರು ಕಡಿಮೆ. ಬಿಲ್ಲು ಸುಲಭ, ಫೋಟೋ ಚೆನ್ನಾಗಿ ಬರುತ್ತದೆ, ವರ್ಷದ ಲೆಕ್ಕ ಮುಗಿಯುತ್ತದೆ. ನನ್ನ ಪ್ರಕಾರ ನೋಟ್‌ಬುಕ್ಕಿನ ಮೇಲೆ ಇಷ್ಟು ಪ್ರೀತಿ ಬರಲು ಇದೇ ಮುಖ್ಯ ಕಾರಣ.

ಆ ಅವಸರದ ಹಿಂದೆ ಇರುವುದು ಆದಾಯ ತೆರಿಗೆಯ ಶೇ 85ರ ನಿಯಮ. ಅದನ್ನು ಅರ್ಧ ಮಾತ್ರ ಕೇಳಿಸಿಕೊಂಡವರೇ ಜಾಸ್ತಿ. ವಿನಾಯಿತಿ ಬೇಕಾದ ಟ್ರಸ್ಟು ವರ್ಷದ ಆದಾಯದ ಶೇ 85ರಷ್ಟನ್ನು ತನ್ನ ಉದ್ದೇಶಕ್ಕೆ ಬಳಸಬೇಕು, ಇದು ನಿಜ. ಉಳಿದ ಶೇ 15 ಯಾರನ್ನೂ ಕೇಳದೆ ಇಟ್ಟುಕೊಳ್ಳಬಹುದು. ಶೇ 85 ಮುಟ್ಟಲಿಲ್ಲವೆಂದರೂ ದಾರಿ ಇದೆ. ಇಂಥ ಕೆಲಸಕ್ಕೆ ಎಂದು ಟ್ರಸ್ಟಿಗಳು ನಿರ್ಣಯ ಮಾಡಿ, ಅದಕ್ಕಿರುವ ಫಾರಂ ಗಡುವಿನೊಳಗೆ ಸಲ್ಲಿಸಿ, ದುಡ್ಡನ್ನು ಬ್ಯಾಂಕ್ ಠೇವಣಿಯಂಥ ಕಾನೂನು ಒಪ್ಪುವ ಕಡೆ ಇಟ್ಟರೆ 5 ವರ್ಷದವರೆಗೆ ಬಳಸಲು ಅವಕಾಶವಿದೆ. "ಬಡವರ ಸೇವೆಗಾಗಿ" ಎಂದು ಮೊಗಮ್ಮಾಗಿ ಬರೆದರೆ ನಡೆಯುವುದಿಲ್ಲ. "ಪಿಯುಸಿ, ಡಿಪ್ಲೊಮಾ, ನರ್ಸಿಂಗ್ ಸೇರುವ ವಿದ್ಯಾರ್ಥಿಗಳ ಶುಲ್ಕಕ್ಕೆ" ಎಂದು ಬಿಡಿಸಿ ಬರೆಯಬೇಕು.

ಇದನ್ನೇ ಯಾಕೆ ಉದಾಹರಣೆ ಕೊಟ್ಟೆ ಅಂದರೆ, ಮಕ್ಕಳ ಓದು ನಿಲ್ಲುವ ಜಾಗ ಅದು. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಬಿಸಿಯೂಟ, ಸಮವಸ್ತ್ರ ಎಲ್ಲ ಕೈಬಿಡುತ್ತವೆ. ಮಳವಳ್ಳಿ ಕಡೆಯ ಕೂಲಿಯವರ ಮಗಳೊಬ್ಬಳಿಗೆ ಪಿಯುಸಿ ಮುಗಿದ ಮೇಲೆ ಮಂಡ್ಯದಲ್ಲಿ ನರ್ಸಿಂಗ್ ಸೀಟು ಸಿಕ್ಕಿತು ಎಂದಿಟ್ಟುಕೊಳ್ಳಿ. ಶುಲ್ಕ, ಹಾಸ್ಟೆಲ್ ಡಿಪಾಸಿಟ್, ಯೂನಿಫಾರಂ, ಎಲ್ಲ ಒಟ್ಟಿಗೇ ಕಟ್ಟಬೇಕು. ಅವಳಿಗೆ ಸರ್ಕಾರದ ವಿದ್ಯಾರ್ಥಿವೇತನವೂ ಇದೆ. ಆದರೆ ಅದು ಬರುವುದು ತಿಂಗಳುಗಟ್ಟಲೆ ತಡವಾಗಿ. ನಡುವೆ ಮನೆಯವರು ಮೈಕ್ರೋಫೈನಾನ್ಸಿಗೆ ಹೋಗುತ್ತಾರೆ, ಇಲ್ಲವೇ ಕಿವಿಯ ಓಲೆ ಗಿರವಿಗೆ ಹೋಗುತ್ತದೆ. ಎರಡೂ ಆಗದಿದ್ದರೆ ಹುಡುಗಿ ಗಾರ್ಮೆಂಟ್ಸ್ ಬಸ್ ಹತ್ತುತ್ತಾಳೆ.

ಸಣ್ಣ ಟ್ರಸ್ಟು ನಿಲ್ಲಬೇಕಾದ್ದು ಈ ನಡುವಿನ ತಿಂಗಳುಗಳಲ್ಲಿ. ಪೂರ್ತಿ ದಾನವೇ ಆಗಬೇಕೆಂದಿಲ್ಲ. ಬಡ್ಡಿಯಿಲ್ಲದ ಕೈಗಡವಾಗಿ ಕೊಟ್ಟು, ವಿದ್ಯಾರ್ಥಿವೇತನ ಬಂದಾಗ ವಾಪಸ್ ಪಡೆಯಬಹುದು. ಉನ್ನತ ಓದಿಗೆ ಕೊಟ್ಟ ಇಂಥ ಸಾಲವನ್ನು ಕೊಟ್ಟ ವರ್ಷ ಉದ್ದೇಶಕ್ಕೆ ಬಳಸಿದ ಹಣ ಎಂದೇ ಲೆಕ್ಕ ಹಿಡಿಯುತ್ತಾರೆ. ವಾಪಸ್ ಬಂದ ವರ್ಷ ಅದು ಆದಾಯ. ಅದೇ ದುಡ್ಡು ಮುಂದಿನ ಜೂನ್‌ನಲ್ಲಿ, ಕಾಲೇಜು ಸೇರುವ ಹೊತ್ತಿಗೆ, ಇನ್ನೊಬ್ಬರಿಗೆ ಸಿಗುತ್ತದೆ. ದುಡ್ಡನ್ನು ಕಾಲೇಜಿನ ಖಾತೆಗೇ ಹಾಕಿ, ವಿದ್ಯಾರ್ಥಿ ಹೆಸರಿನ ರಸೀದಿ ಇಟ್ಟುಕೊಳ್ಳಿ. ಒಂದೇ ದಿನ ಒಬ್ಬರಿಗೆ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನು ಇಲಾಖೆ ಪರಿಗಣಿಸುವುದಿಲ್ಲ.

ಇನ್ನು ಎಷ್ಟೋ ಮಕ್ಕಳಿಗೆ ವಿದ್ಯಾರ್ಥಿವೇತನ ತಡವಾಗುವುದಲ್ಲ, ಬರುವುದೇ ಇಲ್ಲ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಹೆಸರು ಸರಿ ಇದ್ದರೂ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ದುಡ್ಡು ಜಮಾ ಆಗುವುದಿಲ್ಲ. ಇದನ್ನೆಲ್ಲ ಸರಿಮಾಡಿಸಲು ತಾಯಿ ಕೂಲಿ ಬಿಟ್ಟು ನಾಡಕಚೇರಿ, ಬ್ಯಾಂಕು, ಶಾಲೆ ಅಂತ ಅಲೆಯಬೇಕು. ಟ್ರಸ್ಟಿನ ಕಡೆಯಿಂದ ಕಾಗದಪತ್ರ ಗೊತ್ತಿರುವ ಒಬ್ಬರು ಜೊತೆಗೆ ಹೋದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಅವರ ಬಸ್ ಚಾರ್ಜು, ಊಟದ ಖರ್ಚು ಬರೆಯಲು ಟ್ರಸ್ಟಿಗಳಿಗೆ ಸಂಕೋಚ, "ಆಡಳಿತ ವೆಚ್ಚ ಜಾಸ್ತಿ ಕಾಣುತ್ತೆ ಸಾರ್" ಅಂತ. ಅದು ಆಡಳಿತ ವೆಚ್ಚವಲ್ಲ, ಮಕ್ಕಳ ಕೆಲಸಕ್ಕೇ ಆದ ಖರ್ಚು. ಧೈರ್ಯವಾಗಿ ಬರೆಯಿರಿ.

ಮೈಸೂರಿನಲ್ಲಿ ಹಿಂದೆ ವಾರಾನ್ನ ಇತ್ತು. ಊರು ಬಿಟ್ಟು ಓದಲು ಬಂದ ಬಡ ಹುಡುಗನಿಗೆ ಸೋಮವಾರ ಒಂದು ಮನೆಯಲ್ಲಿ ಊಟ, ಮಂಗಳವಾರ ಇನ್ನೊಂದು ಮನೆಯಲ್ಲಿ. ಜಾತಿಯ ಗೋಡೆಯೊಳಗೇ ನಡೆದದ್ದು ಅದು, ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಆದರೆ ಹಸಿವಾದ ದಿನವೇ ಊಟ ಸಿಗುತ್ತಿತ್ತು.

ಮನೆಯ ಅಗತ್ಯದ ಖರ್ಚಿನಲ್ಲೂ ವರ್ಷಕ್ಕೊಮ್ಮೆ ಪಟ್ಟಿ ತಿದ್ದಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹುಡುಗಿಯರ ಬಸ್ ಖರ್ಚು ಹೋಯಿತು. ಹುಡುಗರಿಗೆ ಪಾಸು ಈಗಲೂ ಬೇಕು. ಅಕ್ಕಿ ರೇಷನ್ ಕಾರ್ಡಿಗೆ ಬರುತ್ತದೆ. ಚಳಿಗೆ ಹೊದಿಕೆ, ರಾತ್ರಿ ಓದಲು ಒಂದು ಚಾರ್ಜಿಂಗ್ ಲೈಟು ಯಾವ ಕಾರ್ಡಿಗೂ ಬರುವುದಿಲ್ಲ.

ಜೂನ್‌ಗೆ ದುಡ್ಡು ಕೈಯಲ್ಲಿರಬೇಕಾದರೆ ಅದು ಬರುವ ದಾರಿಯೂ ನೆಟ್ಟಗಿರಬೇಕು. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟ ದಾನಿಗೆ 80ಜಿ ಎಂದು ಕರೆಯುವ ದಾನದ ಮೇಲಿನ ತೆರಿಗೆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಹೇಗೆ ಕೊಟ್ಟರೂ ಇಲ್ಲ. ಇದನ್ನು ಮೊದಲೇ ಹೇಳಿಬಿಡಿ, ಆಮೇಲೆ ಮುಖ ಕೆಡಿಸಿಕೊಳ್ಳುವುದು ಬೇಡ. ದಾನಿಗಳ ಪಟ್ಟಿಯನ್ನು ಮೇ 31ರೊಳಗೆ ಇಲಾಖೆಗೆ ಸಲ್ಲಿಸದಿದ್ದರೆ ದಿನಕ್ಕೆ 200 ರೂಪಾಯಿ ಶುಲ್ಕ.

ಮೈಸೂರಿನಲ್ಲಿ ಮನೆಗೊಬ್ಬರು ಅಮೆರಿಕದಲ್ಲಿರುತ್ತಾರೆ. "ನಮ್ಮ ಅಣ್ಣನ ಮಗನೇ ಕೊಡೋದು, ಅದು ಹೇಗೆ ವಿದೇಶಿ ಹಣ ಆಗುತ್ತೆ?" ಎಂದು ಕೇಳುತ್ತಾರೆ. ಅವನ ಕೈಯಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದು, ತನ್ನ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ಹಣ ಆಗುವುದಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ, ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆಯ ಕಾಯ್ದೆ ಎಫ್‌ಸಿಆರ್‌ಎ ಅಡಿ ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಅನುಮತಿ ಇರುವ ಬೇರೆ ಸಂಸ್ಥೆಗೆ ಅವನು ನೇರವಾಗಿ ಕೊಡಬಹುದು. ಆದರೆ ಆ ಸಂಸ್ಥೆ ಅದನ್ನು ನಿಮ್ಮ ಟ್ರಸ್ಟಿಗೆ ದಾಟಿಸುವಂತಿಲ್ಲ. 2020ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿದೆ.