ಫಿಲಿಪೀನ್ಸಿನ ಕಲೆಯೆಲ್ಲ ಸ್ಪೇನಿನಿಂದ ಬಂದದ್ದಾ?

ಓದುಗರ ಪ್ರಶ್ನೆ: ಫಿಲಿಪೀನ್ಸಿನ ಕಲೆ ಅಂತ ಹುಡುಕಿದರೆ ಬರೀ ಚರ್ಚು, ಸಂತರ ಮೂರ್ತಿ, ಯುರೋಪಿನ ಥರದ ಪೇಂಟಿಂಗ್‌ಗಳೇ ಕಾಣುತ್ತವೆ. ಅವರದ್ದೇ ಅನ್ನೋ ಕಲೆ ಇದೆಯಾ, ಅಥವಾ ಎಲ್ಲ ಸ್ಪೇನಿನವರು ಕಲಿಸಿದ್ದಾ?

ಈ ಪ್ರಶ್ನೆ ತುಂಬ ಜನ ಕೇಳುತ್ತಾರೆ. 1565ರಿಂದ 1898ರ ತನಕ, ಅಂದರೆ 333 ವರ್ಷ ಸ್ಪೇನ್ ಆಳಿದ ದೇಶ ಅದು. ಆಮೇಲೆ 1946ರವರೆಗೆ ಅಮೆರಿಕ, ನಡುವೆ ಸ್ವಲ್ಪ ಕಾಲ ಜಪಾನ್. ಹಾಗಾಗಿ ಅನುಮಾನ ಬರೋದು ಸಹಜ. ಆದರೆ ಉತ್ತರ ಇಲ್ಲ ಅಂತಲೇ. ಕೆತ್ತುವ, ನೇಯುವ, ಚಿನ್ನದ ಕೆಲಸ ಮಾಡುವ ಕೈಗಳು ಅಲ್ಲಿ ಮೊದಲೇ ಇದ್ದವು. ಸ್ಪೇನಿನ ಜೊತೆ ಬಂದದ್ದು ಹೊಸ ಗಿರಾಕಿ. ಮಾಡಿಸುವವರು ಯಾರು, ದುಡ್ಡು ಕೊಡುವವರು ಯಾರು ಅಂತ ಕೇಳುತ್ತಾ ಹೋದರೆ ಅಲ್ಲಿನ ಕಲೆಯ ಕಥೆ ಬೇಗ ಅರ್ಥವಾಗುತ್ತೆ.

ಮೊದಲ ಗಿರಾಕಿ ಸತ್ತವರು ಅಂತಲೇ ಹೇಳಬೇಕು. ಪಲಾವನ್ ದ್ವೀಪದ ಮನುಂಗುಲ್ ಗುಹೆಯಲ್ಲಿ 1964ರಲ್ಲಿ ಒಂದು ಮಣ್ಣಿನ ಜಾಡಿ ಸಿಕ್ಕಿತು. ಕ್ರಿಸ್ತಪೂರ್ವ 890ರಿಂದ 710ರ ನಡುವಿನದು. ಹೂತ ಹೆಣದ ಎಲುಬುಗಳನ್ನು ಮತ್ತೆ ತೆಗೆದು ಇಡೋದಕ್ಕೆ ಅಂತ ಮಾಡಿದ ಜಾಡಿ. ಅದರ ಮುಚ್ಚಳದ ಮೇಲೆ ಒಂದು ದೋಣಿ, ದೋಣಿಯಲ್ಲಿ ಇಬ್ಬರು. ಹಿಂದೆ ಕೂತವನು ಹುಟ್ಟು ಹಾಕುತ್ತಿದ್ದಾನೆ, ಮುಂದೆ ಕೂತವನು ಎದೆಯ ಮೇಲೆ ಕೈ ಕಟ್ಟಿಕೊಂಡು ಸುಮ್ನೆ ಕೂತಿದ್ದಾನೆ. ಪರಲೋಕಕ್ಕೆ ಹೊರಟ ಸವಾರಿ ಅದು. ದೋಣಿಯ ಮೂತಿಗೂ ಕಣ್ಣು, ಬಾಯಿ ಇವೆ. ಇಷ್ಟು ಚಂದದ ವಸ್ತುವನ್ನು ಮಾಡಿ ಕತ್ತಲ ಗುಹೆಯಲ್ಲಿ ಇಟ್ಟುಬಿಟ್ಟಿದ್ದರು, ಯಾರಾದರೂ ನೋಡಲಿ ಅಂತಲ್ಲ.

ಇನ್ನು ಚಿನ್ನ. ಮಿಂಡನಾವ್ ದ್ವೀಪದ ಅಗುಸಾನ್‌ನಲ್ಲಿ 1917ರಲ್ಲಿ ಪ್ರವಾಹ ಇಳಿದ ಮೇಲೆ ಮನೋಬೊ ಜನಾಂಗದ ಹೆಂಗಸೊಬ್ಬಳಿಗೆ 21 ಕ್ಯಾರಟ್‌ನ, ಹೆಚ್ಚುಕಡಿಮೆ 1.8 ಕಿಲೋ ತೂಗುವ ದೇವಿಯ ಮೂರ್ತಿ ಸಿಕ್ಕಿತು. ಬೌದ್ಧರ ತಾರಾದೇವಿ ಅಂತ ಅದಕ್ಕೆ ಹೆಸರು, ಅಲ್ಲ ವಜ್ರಲಾಸ್ಯೆ ಅನ್ನುವವರೂ ಇದ್ದಾರೆ. ಈಗ ಅದು ಇರೋದು ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿ. 1981ರಲ್ಲಿ ಸುರಿಗಾವ್‌ನಲ್ಲಿ ನೆಲ ಅಗೆದಾಗ ಸಿಕ್ಕಿದ ನಿಧಿಯಲ್ಲಂತೂ ಹೆಗಲಿನಿಂದ ಅಡ್ಡಲಾಗಿ ಹಾಕಿಕೊಳ್ಳುವ, ಸುಮಾರು 4 ಕಿಲೋ ತೂಕದ ಚಿನ್ನದ ಜನಿವಾರವೇ ಇತ್ತು.

ಇಲ್ಲಿ ಕನ್ನಡ ಓದುಗರಿಗೆ ಒಂದು ಸ್ವಾರಸ್ಯ ಇದೆ. ಲಗುನಾ ಅನ್ನೋ ಕಡೆ 1980ರ ದಶಕದ ಕೊನೆಯಲ್ಲಿ ನದಿಯ ಮರಳಿನಲ್ಲಿ ಒಂದು ತಾಮ್ರಪಟ ಸಿಕ್ಕಿತು. ಒಬ್ಬ ಸಾಲಗಾರನ ಸಾಲ ಮನ್ನಾ ಆಯಿತು ಅನ್ನೋ ಪತ್ರ ಅದು. ಶುರುವಾಗೋದು ಹೇಗೆ ಗೊತ್ತಾ? ಸ್ವಸ್ತಿ, ಶಕವರ್ಷ 822, ವೈಶಾಖ ಮಾಸ, ಕೃಷ್ಣಪಕ್ಷದ ಚತುರ್ಥಿ, ಸೋಮವಾರ. ಅಂದರೆ ಕ್ರಿಸ್ತಶಕ 900. ನಮ್ಮಲ್ಲಿ ರಾಷ್ಟ್ರಕೂಟರ ಇಮ್ಮಡಿ ಕೃಷ್ಣ ಆಳುತ್ತಿದ್ದ ಕಾಲ. ಅವರ ಶಾಸನಗಳನ್ನು ಓದಿದವರಿಗೆ ಈ ಧಾಟಿ ಹೊಸದಲ್ಲ, ಅಲ್ವಾ? ಹಾಗಂತ ನಮ್ಮವರು ಹೋಗಿ ಎಲ್ಲ ಕಲಿಸಿದರು ಅಂತ ಎದೆ ತಟ್ಟಿಕೊಳ್ಳೋದು ಬೇಡ. ಭಾಷೆಯಲ್ಲಿ ಹಳೆಯ ಮಲಯ, ಹಳೆಯ ಜಾವಾ ನುಡಿಗಳು ಬೆರೆತಿವೆ, ಲಿಪಿ ಜಾವಾದ್ದು, ಕಾವಿ ಅಂತ ಅದರ ಹೆಸರು. ಸಂಸ್ಕೃತದ ಮಾತುಗಳು ಸಮುದ್ರದ ವ್ಯಾಪಾರದ ದಾರಿಯಲ್ಲಿ, ಜಾವಾ, ಸುಮಾತ್ರಾ ಸುತ್ತಿಕೊಂಡು ಅಲ್ಲಿಗೆ ಮುಟ್ಟಿದವು.

ಇವೆಲ್ಲ ಸಾವಿರಾರು ವರ್ಷ ಹಿಂದಿನ ಮಾತಾಯಿತು ಅನ್ನಬೇಡಿ. ಭತ್ತದ ಕಣಜ ಕಾಯೋದಕ್ಕೆ ಇಫುಗಾವ್ ಜನ ಕೆತ್ತುವ ಬುಲುಲ್ ಅನ್ನೋ ಮರದ ಮೂರ್ತಿಗಳು, ಮರನಾವ್ ಮುಸ್ಲಿಮರ ಮನೆಗಳ ಮರದ ಕೆತ್ತನೆ, ಸೆಬು ಸರೋವರದ ತ್ಬೋಲಿ ಹೆಂಗಸರು ಕನಸಿನಲ್ಲಿ ಕಂಡ ವಿನ್ಯಾಸವನ್ನು ಅಬಾಕಾ ನಾರಿನಲ್ಲಿ ನೇಯುವ ತ್ನಲಕ್ ಬಟ್ಟೆ, ಇವೆಲ್ಲ ಉಳಿದಿವೆ. ಬೆಟ್ಟದ ಮೇಲೆ, ದಕ್ಷಿಣದ ದ್ವೀಪಗಳಲ್ಲಿ ಸ್ಪೇನಿನ ಹಿಡಿತ ಕಮ್ಮಿ ಇತ್ತು. ಅದೇ ಮುಖ್ಯ ಕಾರಣ.

ತಗ್ಗಿನ ಊರುಗಳ ಕಥೆ ಬೇರೆ. ಅಲ್ಲಿ ಪಾದ್ರಿಗಳು ಅನಿತೊ ಅನ್ನೋ ಹಿರೀಕರ, ದೈವಗಳ ಮೂರ್ತಿಗಳನ್ನು ಸುಡಿಸಿದರು. ಕೆತ್ತುವವರು ಎಲ್ಲಿಗೆ ಹೋಗಬೇಕು? ಸಂತರನ್ನು ಕೆತ್ತಿದರು. ಮನಿಲಾದಲ್ಲಿದ್ದ ಚೀನೀ ಕುಶಲಕರ್ಮಿಗಳು ದಂತದಲ್ಲಿ ಮೇರಿ, ಯೇಸು ಮಾಡಿಕೊಟ್ಟರು. ಯುರೋಪಿನಿಂದ ಬಂದ ಚಿತ್ರ ನೋಡಿ ಹಾಗೇ ಮಾಡು ಅನ್ನೋದು ಆಜ್ಞೆ. ಆದರೆ ಹಾಗೇ ಮಾಡಿದರಾ? ಪನಾಯ್ ದ್ವೀಪದ ಮಿಯಾಗಾವ್ ಚರ್ಚನ್ನು ನೋಡಿ. 1797ರಲ್ಲಿ ಮುಗಿದ ಕಟ್ಟಡ, 1993ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಮುಂದಿನ ಗೋಡೆಯ ತುಂಬ ಬಾಲಯೇಸುವನ್ನು ಹೊತ್ತು ಹೊಳೆ ದಾಟುವ ಸಂತ ಕ್ರಿಸ್ಟೋಫರ್. ಕೈಯಲ್ಲಿ ಹಿಡಿದಿರೋದು ತೆಂಗಿನ ಮರ! ಅಕ್ಕಪಕ್ಕ ಪಪ್ಪಾಯಿ, ಸೀಬೆ ಗಿಡಗಳು. ನನಗೆ ಇಡೀ ವಸಾಹತು ಕಾಲದ ಕಲೆಯಲ್ಲಿ ಈ ಗೋಡೆಯಷ್ಟು ಇಷ್ಟವಾದದ್ದು ಇನ್ನೊಂದಿಲ್ಲ.

ಆ ಕಾಲದ ಹೆಚ್ಚಿನ ಕೆಲಸಕ್ಕೆ ಮಾಡಿದವರ ಹೆಸರೇ ಇಲ್ಲ. 1734ರ ದೊಡ್ಡ ನಕ್ಷೆಯನ್ನು ತಾಮ್ರದ ಮೇಲೆ ಕೊರೆದ ನಿಕೋಲಾಸ್ ದೆ ಲಾ ಕ್ರೂಸ್ ಬಗಾಯ್ ಆದರೋ ತನ್ನ ಹೆಸರು ಹಾಕಿ, ಪಕ್ಕದಲ್ಲಿ ತಾನು ತಗಲೊಗ್ ನೆಲದವನು ಅಂತಲೂ ಬರೆದ. ಆಮೇಲೆ 19ನೇ ಶತಮಾನದಲ್ಲಿ ಮನಿಲಾ ಹೊರದೇಶದ ವ್ಯಾಪಾರಕ್ಕೆ ತೆರೆದುಕೊಂಡಿತು. ಸಕ್ಕರೆ, ಅಬಾಕಾದಿಂದ ದುಡ್ಡು ಮಾಡಿದ ಹೊಸ ಶ್ರೀಮಂತರಿಗೆ ದೇವರ ಚಿತ್ರಕ್ಕಿಂತ ತಮ್ಮ ಚಿತ್ರ ಬೇಕಾಯಿತು. ಅದೂ ಬಟ್ಟೆಯ ಕಸೂತಿ, ಉಂಗುರದ ಹರಳು ಎಲ್ಲ ಕಾಣುವ ಹಾಗೆ. ದಮಿಯಾನ್ ದೊಮಿಂಗೊ ಅನ್ನೋ ಚಿತ್ರಕಾರ 1821ರ ಹೊತ್ತಿಗೆ ತನ್ನ ಮನೆಯಲ್ಲೇ ಚಿತ್ರಕಲಾ ಶಾಲೆ ತೆರೆದ.

ಹುವಾನ್ ಲೂನಾ ಬರೋದು ಇದರ ಬೆನ್ನಿಗೇ. 1884ರಲ್ಲಿ ಮ್ಯಾಡ್ರಿಡ್‌ನ ಕಲಾ ಪ್ರದರ್ಶನದಲ್ಲಿ ಅವನ 'ಸ್ಪೋಲಿಯಾರಿಯಂ'ಗೆ ಚಿನ್ನದ ಪದಕ ಬಂತು, ಗೆಳೆಯ ಹಿದಾಲ್ಗೊಗೆ ಬೆಳ್ಳಿ. ಏಳೂವರೆ ಮೀಟರಿಗಿಂತ ಅಗಲ, ನಾಲ್ಕು ಮೀಟರಿಗಿಂತ ಎತ್ತರದ ಚಿತ್ರ ಅದು. ರೋಮಿನ ಅಖಾಡದಲ್ಲಿ ಸತ್ತ ಗ್ಲಾಡಿಯೇಟರ್‌ಗಳನ್ನು ನೆಲಮಾಳಿಗೆಯಲ್ಲಿ ಎಳೆದು ಹಾಕುತ್ತಿದ್ದಾರೆ. ವಿಷಯ ರೋಮಿನದು, ಶೈಲಿ ಯುರೋಪಿನದು, ಬರೆದದ್ದೂ ರೋಮಿನಲ್ಲೇ. ಇದರಲ್ಲಿ ಫಿಲಿಪೀನ್ಸಿನದು ಏನು? ಗೆದ್ದವರ ಔತಣದಲ್ಲಿ ಫಿಲಿಪೀನೋ ಲೇಖಕ ಹೊಸೆ ರಿಸಾಲ್ ಎದ್ದು ನಿಂತು ಮಾತಾಡಿದ, ಪ್ರತಿಭೆಗೆ ದೇಶವಿಲ್ಲ ಅಂದ. ಆ ಎಳೆದು ಹಾಕಿದ ಹೆಣಗಳಲ್ಲಿ ಫಿಲಿಪೀನೋ ಯುವಕರು ತಮ್ಮ ದೇಶವನ್ನೇ ಕಂಡರು. ಹನ್ನೆರಡು ವರ್ಷದಲ್ಲಿ ಕ್ರಾಂತಿ ಶುರುವಾಯಿತು. ಚಿತ್ರದಿಂದಲೇ ಆಯಿತು ಅಂತಲ್ಲ. ಆದರೆ ನಾವೂ ನಿಮ್ಮಷ್ಟೇ ಅಂತ ಆಳುವವರ ಮನೆಯಲ್ಲೇ ತೋರಿಸಿದ ಹಾಗಾಯಿತು.

ಅಮೆರಿಕದ ಕಾಲಕ್ಕೆ ಬೇಗ ಬರುತ್ತೇನೆ. ಫೆರ್ನಾಂಡೊ ಅಮೊರ್ಸೊಲೊನ ಹೊಂಬಿಸಿಲು, ನಾಟಿ ಮಾಡುವ ನಗುಮುಖದ ಹೆಂಗಸರು ಅಮೆರಿಕದ ಪ್ರವಾಸಿಗರಿಗೆ, ಅಧಿಕಾರಿಗಳಿಗೆ ಬಹಳ ಹಿಡಿಸಿದರು. ಬೆಳಕು ಹಿಡಿಯೋದರಲ್ಲಿ ಅವನನ್ನು ಮೀರಿಸಿದವರಿಲ್ಲ, ಒಪ್ಪಿಕೊಳ್ಳೋಣ. ಆದರೆ ಆ ಗದ್ದೆಗಳಲ್ಲಿ ಯಾರಿಗೂ ಬೆನ್ನು ನೋಯೋದೇ ಇಲ್ಲ. 1928ರಲ್ಲಿ ಸಿಯಾಟಲ್‌ನಲ್ಲಿ ಓದಿ ಬಂದ ವಿಕ್ಟೋರಿಯೊ ಎದಾದೆಸ್ 'ದಿ ಬಿಲ್ಡರ್ಸ್' ಚಿತ್ರ ತೋರಿಸಿದ. ಮಣ್ಣಿನ ಬಣ್ಣ, ಬಂಡೆಯ ಜೊತೆ ಗುದ್ದಾಡುವ ಕೂಲಿಗಳು. ಜನ ಬೆಚ್ಚಿದರು. ಜಗಳ ಎಷ್ಟು ವರ್ಷ ನಡೆಯಿತು ಅಂದರೆ, 1955ರಲ್ಲಿ ಸ್ಪರ್ಧೆಯ ಬಹುಮಾನಗಳು ಹೊಸ ಶೈಲಿಯವರಿಗೇ ಹೋದಾಗ ಹಳೆಯ ಶೈಲಿಯವರು ತಮ್ಮ ಚಿತ್ರಗಳನ್ನು ಎತ್ತಿಕೊಂಡು ಹೊರನಡೆದರು.

ಎದಾದೆಸ್ ಜೊತೆಗಿದ್ದ ಅಂಗೊನೊ ಊರಿನ ಕಾರ್ಲೋಸ್ ಫ್ರಾನ್ಸಿಸ್ಕೊ ಭಿತ್ತಿಚಿತ್ರಗಳಿಗೆ ಹೆಸರಾದವನು. 1965ರಲ್ಲಿ ಸ್ಕೌಟ್ ಹುಡುಗರನ್ನು ಕರೆದುಕೊಂಡು ತನ್ನೂರಿನ ಗುಡ್ಡ ಹತ್ತಿದಾಗ ಬಂಡೆಯ ಮೇಲೆ ಕೊರೆದ ಮನುಷ್ಯರ ಗೆರೆಚಿತ್ರಗಳು ಅವನ ಕಣ್ಣಿಗೆ ಬಿದ್ದವು. ಒಟ್ಟು 127 ಆಕೃತಿಗಳು. ಆ ದೇಶದಲ್ಲಿ ಈವರೆಗೆ ಗೊತ್ತಿರುವ ಅತ್ಯಂತ ಹಳೆಯ ಕಲೆ ಅವೇ. ಹೊಸ ಕಲೆಯ ಜಗಳದಲ್ಲಿದ್ದವನಿಗೇ ಅವು ಸಿಕ್ಕಿದ್ದು ವಿಚಿತ್ರ ಅಲ್ವಾ?

ಸರ್ವಾಧಿಕಾರಿಯಾದ ಅಧ್ಯಕ್ಷ ಮಾರ್ಕೋಸ್ ಕಾಲದಲ್ಲಿ ಸರ್ಕಾರವೇ ಗಿರಾಕಿ. ಅವನ ಹೆಂಡತಿ ಇಮೆಲ್ಡಾ 1969ರಲ್ಲಿ ಮನಿಲಾ ಕೊಲ್ಲಿಯ ದಡದಲ್ಲಿ ಭಾರೀ ಸಾಂಸ್ಕೃತಿಕ ಕೇಂದ್ರ ಕಟ್ಟಿಸಿದಳು. ಅದಕ್ಕೆ ಎದುರಾಗಿ 1976ರಲ್ಲಿ ಕೈಸಹನ್ ಅನ್ನೋ ಗುಂಪು ಹುಟ್ಟಿತು. ಬಡವರು, ಮುಷ್ಕರ, ಜೈಲು ಅವರ ವಿಷಯ. ಇದೇ ಧಾಟಿಯ ಆಂತಿಪಾಸ್ ದೆಲೊತಾವೊನ 1978ರ ಚಿತ್ರದಲ್ಲಿ ಬಡಕಲು ಮುದುಕನೊಬ್ಬ ನಡೆಯುತ್ತಿದ್ದಾನೆ, ಹಿಂದಿನ ಗೋಡೆಯ ಮೇಲಿರುವ ಕೋಕಾಕೋಲಾ ಜಾಹೀರಾತಿನ ಅಕ್ಷರದ ಬಾಲ ಕತ್ತಿಯ ಹಾಗೆ ಅವನ ಎದೆಗೆ ಚುಚ್ಚುತ್ತಿದೆ.

ಕೊನೆಗೆ ಸ್ಪೇನಿನ ವಿಷಯಕ್ಕೇ ಬರೋಣ, ಪ್ರಶ್ನೆ ಅದೇ ತಾನೆ. ಮ್ಯಾಡ್ರಿಡ್‌ನಲ್ಲಿ ಗಾಜಿನ ಅರಮನೆ ಅಂತ ಒಂದು ಕಟ್ಟಡ ಇದೆ. 1887ರ ಫಿಲಿಪೀನ್ಸ್ ಪ್ರದರ್ಶನಕ್ಕೆ ಅಂತ ಕಟ್ಟಿದ್ದು. ಗಿಡ, ಸರಕುಗಳ ಜೊತೆ ಇಗೊರೊತ್ ಬೆಟ್ಟದ ಜನರನ್ನೂ ಕರೆತಂದು ಆ ಪ್ರದರ್ಶನದಲ್ಲಿ ನೋಡೋದಕ್ಕೆ ಇಟ್ಟಿದ್ದರು. 2021ರಲ್ಲಿ ಅದೇ ಕಟ್ಟಡವನ್ನು ಫಿಲಿಪೀನ್ಸಿನ ಬಾಗಿಯೊ ಊರಿನ ಕಲಾವಿದ ಕಿದ್ಲಾತ್ ತಹಿಮಿಕ್‌ಗೆ ಬಿಟ್ಟುಕೊಟ್ಟರು. ಅವನು ಅಲ್ಲಿ ಮರದ ದೊಡ್ಡ ಮೂರ್ತಿಗಳನ್ನು ತುಂಬಿದ: ಮೆಗೆಲಾನ್, ಮಿಕ್ಕಿ ಮೌಸ್, ಮರ್ಲಿನ್ ಮನ್ರೋ, ಅವಳಿಗೆ ಎದುರಾಗಿ ಇಫುಗಾವ್ ಜನರ ಗಾಳಿದೇವತೆ ಇನ್‌ಹಬಿಯನ್.