ಎಳೆಯುವ ಗಾಲಿ, ಎಳೆಸಿಕೊಳ್ಳುವ ಗಾಲಿ: ‘ಆಲ್-ವೀಲ್ ಡ್ರೈವ್ ಪರಿವರ್ತನೆ’ ಎಂದರೇನು?

ನಮ್ಮ ಕಡೆ ಮನೆಯಿಂದ ಹೊರಟ ಕಾರು ಮೊದಲು ಮಾಡಬೇಕಾದ ಕೆಲಸ ಏರು ಹತ್ತುವುದು. ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳು ತಗ್ಗಿನಲ್ಲಿರುತ್ತವೆ. ತೋಟದ ತಲೆಗೆ ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ, ಬೆಟ್ಟ ದಾಟಿದ ಮೇಲೆ ಡಾಂಬರು ರಸ್ತೆ. ನಡುವಿನ ಕೆಮ್ಮಣ್ಣಿನ ದಾರಿ ಬೇಸಿಗೆಯಲ್ಲಿ ಯಾರನ್ನೂ ಕಾಡುವುದಿಲ್ಲ. ಆಷಾಢದಲ್ಲಿ ಜಂಬಿಟ್ಟಿಗೆಯ ಮೇಲೆ ಪಾಚಿ ಕಟ್ಟಿತೆಂದರೆ ಅದೇ ದಾರಿಯಲ್ಲಿ ಮುಂದಿನ ಗಾಲಿಗಳು ಗಿರಗಿರನೆ ತಿರುಗುತ್ತವೆ, ಕಾರು ಇದ್ದಲ್ಲೇ ಇರುತ್ತದೆ. ಕಳೆದ ಮಳೆಗಾಲದಲ್ಲಿ ನನ್ನ ಭಾವ ಮೂರು ಸಲ ಕಾರನ್ನು ಅರ್ಧ ಏರಿನಲ್ಲೇ ಬಿಟ್ಟು, ಕೊಡೆ ಹಿಡಿದು ನಡೆದು ಹೋದರು. ನಾಲ್ಕನೆಯ ಸಲ ಗ್ಯಾರೇಜಿಗೆ ಹೋಗಿ ಕೇಳಿದರು: “ಹಿಂದಿನ ಗಾಲಿಗೂ ಎಂಜಿನ್ನಿನ ಶಕ್ತಿ ಹೋಗುವ ಹಾಗೆ ಮಾಡಿಕೊಡಲಿಕ್ಕೆ ಆಗುವುದಿಲ್ಲವೇ?”

ಮೆಕ್ಯಾನಿಕ್ ಕಾರನ್ನು ಮೇಲೆತ್ತಿ, “ಬಗ್ಗಿ ನೋಡಿ, ಹಿಂದೆ ಏನಿದೆ?” ಎಂದರು. ಇಂಧನದ ಟ್ಯಾಂಕು, ಹೊಗೆ ಕೊಳವೆ, ಎರಡು ಗಾಲಿಗಳನ್ನು ಹಿಡಿದ ಒಂದು ಅಡ್ಡ ತೊಲೆ. ಅಷ್ಟೇ.

ನಾಲ್ಕೂ ಗಾಲಿಗೆ ಎಂಜಿನ್ನಿನ ಶಕ್ತಿ ಹೋಗುವ ಏರ್ಪಾಡಿಗೆ ಆಲ್-ವೀಲ್ ಡ್ರೈವ್ ಎನ್ನುತ್ತಾರೆ. ಅದು ಅರ್ಥವಾಗಬೇಕಾದರೆ ಆ ‘ಅಷ್ಟೇ’ಯಿಂದಲೇ ತೊಡಗಬೇಕು. ಕಾರಿಗೆ ಗಾಲಿ ನಾಲ್ಕಿದ್ದರೂ ನಾಲ್ಕೂ ದುಡಿಯುವುದಿಲ್ಲ. ಎಂಜಿನ್ನಿನ ಶಕ್ತಿ ಪಡೆದು ಎಳೆಯುವ ಗಾಲಿಗಳು ಬೇರೆ, ಎಳೆಸಿಕೊಂಡು ಸುಮ್ಮನೆ ಉರುಳುವ ಗಾಲಿಗಳು ಬೇರೆ. ಅಂಬಾಸಿಡರ್ ಹಿಂದಿನ ಗಾಲಿಗಳಿಂದ ನಡೆಯುತ್ತಿತ್ತು. 1983ರಲ್ಲಿ ಬಂದ ಮಾರುತಿ 800 ಮುಂದಿನ ಗಾಲಿಗಳಿಂದ ನಡೆಯುವ ಪದ್ಧತಿಯನ್ನು ನಮ್ಮ ಮನೆ ಮನೆಗೆ ತಂದಿತು. ಇದೇ ಫ್ರಂಟ್-ವೀಲ್ ಡ್ರೈವ್. ಎಂಜಿನ್ ಬಾನೆಟ್ಟಿನೊಳಗೆ ಅಡ್ಡಲಾಗಿ ಕೂರುತ್ತದೆ. ಗೇರ್‌ಬಾಕ್ಸು ಮತ್ತು ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಬದಿಯ ಗಾಲಿಗಳು ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುವ ಗೇರುಗಳ ಜೋಡಣೆ) ಒಂದೇ ಪೆಟ್ಟಿಗೆಯಲ್ಲಿ ಅದಕ್ಕೆ ಅಂಟಿಕೊಂಡಿರುತ್ತವೆ. ಅಲ್ಲಿಂದ ಶಕ್ತಿ ಒಯ್ಯುವ ಎರಡು ಗಿಡ್ಡ ದಂಡಗಳು, ಅಂದರೆ ಶಾಫ್ಟುಗಳು, ಮುಂದಿನ ಗಾಲಿಗಳಿಗೆ. ಕಾರು ಹಗುರವಾಗುತ್ತದೆ, ಒಳಗೆ ಜಾಗ ಸಿಗುತ್ತದೆ, ಬೆಲೆ ತಗ್ಗುತ್ತದೆ. ಸಮತಟ್ಟು ಊರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲವೆಂದೇ ನನ್ನ ಅಭಿಪ್ರಾಯ.

ಏರಿನಲ್ಲಿ ಮಾತ್ರ ಲೆಕ್ಕ ತಿರುಗಿ ಬೀಳುತ್ತದೆ. 1000 ಕಿಲೋ ತೂಕದ ಕಾರು, ಅದರಲ್ಲಿ 600 ಕಿಲೋ ಮುಂದಿನ ಗಾಲಿಗಳ ಮೇಲೆ ಎಂದಿಟ್ಟುಕೊಳ್ಳಿ. 100 ಅಡಿಗೆ 20 ಅಡಿ ಏರುವ ದಾರಿಯಲ್ಲಿ ಕಾರಿನ ಭಾರ ಹಿಂದಕ್ಕೆ ಜಾರಿ, ಸಣ್ಣ ಕಾರಿನ ಅಳತೆಯಲ್ಲಿ ಮುಂದೆ ಉಳಿಯುವುದು ಸುಮಾರು 545 ಕಿಲೋ. ಪಾಚಿಯ ಮೇಲೆ ಟೈರಿಗೆ ಸಿಗುವ ಹಿಡಿತ ಅದರ ಮೇಲಿನ ಭಾರದ ಶೇ. 30ರಷ್ಟು ಎಂದುಕೊಂಡರೆ, ಮುಂದಿನ ಗಾಲಿಗಳು ಎಳೆಯಬಲ್ಲದ್ದು 163 ಕಿಲೋ. ಆ ಏರಿನಲ್ಲಿ ಕಾರನ್ನು ಮೇಲಕ್ಕೆ ಒಯ್ಯಲು ಬೇಕಾದದ್ದು 196 ಕಿಲೋದಷ್ಟು ಎಳೆತ. ಎಂಜಿನ್ ಎಷ್ಟೇ ಬಲಶಾಲಿಯಾಗಿದ್ದರೂ ಈ ಕೊರತೆ ತುಂಬುವುದಿಲ್ಲ, ಏಕೆಂದರೆ ಕೊರತೆ ಹಿಡಿತದ್ದು. ನಾಲ್ಕೂ ಗಾಲಿ ಎಳೆದರೆ ಅದೇ ಪಾಚಿಯ ಮೇಲೆ 294 ಕಿಲೋದಷ್ಟು ಎಳೆತ ಸಿಗುತ್ತದೆ, ಕಾರು ಸಲೀಸಾಗಿ ಹತ್ತುತ್ತದೆ. ನಮ್ಮ ಹಳ್ಳಿಯ ಚಾಲಕರು ಕಾರನ್ನು ತಿರುಗಿಸಿ ರಿವರ್ಸ್ ಗೇರಿನಲ್ಲಿ ಏರು ಹತ್ತಿಸುತ್ತಾರಲ್ಲ, ಅದರ ಹಿಂದೆಯೂ ಇದೇ ಗಣಿತವಿದೆ. ಆಗ ಎಳೆಯುವ ಗಾಲಿಗಳು ಇಳಿಜಾರಿನ ಕಡೆ ಬಂದು ಭಾರ ಅವುಗಳ ಮೇಲೆ ಕೂರುತ್ತದೆ, ಎಳೆತ 190ರ ಹತ್ತಿರಕ್ಕೆ ಹೋಗುತ್ತದೆ. ಏರು ತುಸು ಕಡಿಮೆಯಿದ್ದರೆ ಅಷ್ಟೇ ಸಾಕು. ಯಾವ ಪುಸ್ತಕವನ್ನೂ ಓದದೆ ಇದನ್ನು ಕಂಡುಕೊಂಡವರ ಬಗ್ಗೆ ನನಗೆ ತುಂಬ ಗೌರವವಿದೆ.

ಜೀಪಿನವರು ಹೇಳುವ ‘ಫೋರ್ ವೀಲ್’ ಆಲ್-ವೀಲ್ ಡ್ರೈವ್‌ಗೆ ಸಮೀಪದ್ದು, ಆದರೆ ಅದೇ ಅಲ್ಲ. ಹಳೆಯ ಜೀಪು, ಜಿಪ್ಸಿಗಳಲ್ಲಿ ಲೀವರ್ ಎಳೆದಾಗ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಗಟ್ಟಿಯಾಗಿ ಕೂಡಿಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತು ಹಾಕುತ್ತವೆ. ಕೆಸರಿನಲ್ಲಿ ಟೈರು ಜಾರಿ ಆ ವ್ಯತ್ಯಾಸ ಕರಗುತ್ತದೆ, ಒಣ ಡಾಂಬರಿನಲ್ಲಿ ಕರಗದೆ ಗೇರುಗಳು ಬಿಗಿದುಕೊಳ್ಳುತ್ತವೆ. ಆದ್ದರಿಂದ ದೇವಿಮನೆ ಘಟ್ಟದ ಒಣ ತಿರುವುಗಳಲ್ಲಿ ಅದನ್ನು ಹಾಕಿಕೊಂಡು ಹೋಗಬಾರದು. ಆಲ್-ವೀಲ್ ಡ್ರೈವ್‌ನಲ್ಲಿ ನಡುವೆ ಇನ್ನೊಂದು ಡಿಫರೆನ್ಷಿಯಲ್ ಅಥವಾ ಒಂದು ಕ್ಲಚ್ ಕೂತು ಆ ವ್ಯತ್ಯಾಸವನ್ನು ತಾನೇ ಸರಿದೂಗಿಸುತ್ತದೆ. ಚಾಲಕನಿಗೆ ಲೀವರಿನ ಕೆಲಸವಿಲ್ಲ.

ಈಗ ‘ಪರಿವರ್ತನೆ’ಗೆ, ಅಂದರೆ ಮುಂದಿನ ಗಾಲಿಗಳಿಂದ ನಡೆಯುವ ಕಾರನ್ನು ನಾಲ್ಕೂ ಗಾಲಿಗಳಿಂದ ನಡೆಯುವಂತೆ ಮಾಡುವ ಕೆಲಸಕ್ಕೆ ಬರೋಣ. ಮುಂದಿನ ಗೇರ್‌ಬಾಕ್ಸಿನಿಂದ ಶಕ್ತಿಯನ್ನು ಮೂಲೆ ತಿರುಗಿಸಿ ಹಿಂದಕ್ಕೆ ಕಳುಹಿಸುವ ಒಂದು ಗೇರು ಪೆಟ್ಟಿಗೆ ಬೇಕು. ಅಲ್ಲಿಂದ ಉದ್ದದ ಪ್ರೊಪೆಲ್ಲರ್ ಶಾಫ್ಟು ಹೋಗಬೇಕು. ಅದರ ದಾರಿಗೆ ಹೊಗೆ ಕೊಳವೆ, ಟ್ಯಾಂಕು ಅಡ್ಡ ಬರುತ್ತವೆ, ತಳದ ತಗಡನ್ನೇ ಕತ್ತರಿಸಿ ಎತ್ತರಿಸಬೇಕಾಗುತ್ತದೆ. ಹಿಂದಿನ ಅಡ್ಡ ತೊಲೆಯ ನಡುವೆ ಡಿಫರೆನ್ಷಿಯಲ್ ಕೂರಿಸಲು ಎಡೆಯಿಲ್ಲ, ಹಾಗಾಗಿ ಸಸ್ಪೆನ್ಷನ್ನನ್ನೇ ಬಿಚ್ಚಿ ಬೇರೆಯದನ್ನು ಕಟ್ಟಬೇಕು. ಶಾಫ್ಟು ತೂರದ ಹಿಂದಿನ ಹಬ್ಬುಗಳೂ, ಅಂದರೆ ಗಾಲಿ ಕೂರುವ ನಡುಭಾಗಗಳೂ, ಬದಲಾಗಬೇಕು. ಇಷ್ಟೆಲ್ಲ ಆದ ಮೇಲೆ ಮುಂದಿನ ಮತ್ತು ಹಿಂದಿನ ಗೇರು ಅನುಪಾತ ಕೂದಲೆಳೆಯೂ ತಪ್ಪದೆ ಹೊಂದಬೇಕು. ಶೇ. 1ರಷ್ಟು ತಪ್ಪಿದರೂ ಒಂದು ಕಿಲೋಮೀಟರಿನಲ್ಲಿ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ 10 ಮೀಟರ್ ವ್ಯತ್ಯಾಸ ಬೀಳುತ್ತದೆ. ಆ ಜಗಳವನ್ನು ಟೈರೋ, ನಡುವಿನ ಕ್ಲಚ್ಚೋ ಸವೆದು ತೀರಿಸಬೇಕು. ಇಂದಿನ ಕಾರುಗಳಲ್ಲಿ ಗಾಲಿಯ ವೇಗ ನೋಡಿ ಬ್ರೇಕು ಹತೋಟಿ ಮಾಡುವ ಕಂಪ್ಯೂಟರಿಗೂ ಹೊಸ ಪಾಠ ಹೇಳಿಕೊಡಬೇಕು.

ಕಂಪನಿಗಳು ಏನು ಮಾಡುತ್ತವೆ ನೋಡಿದರೆ ಕೆಲಸದ ಗಾತ್ರ ಗೊತ್ತಾಗುತ್ತದೆ. 2014ರಲ್ಲಿ ಭಾರತಕ್ಕೆ ಬಂದ ರೆನೋ ಡಸ್ಟರ್‌ನ ಆಲ್-ವೀಲ್ ಡ್ರೈವ್ ಮಾದರಿ ಹೊರಗಿನಿಂದ ಸಾಮಾನ್ಯ ಡಸ್ಟರ್‌ನಂತೆಯೇ ಕಾಣುತ್ತಿತ್ತು. ಕೆಳಗೆ ಮಾತ್ರ ಹಿಂದಿನ ಸಸ್ಪೆನ್ಷನ್ನೇ ಬೇರೆ, ಗೇರ್‌ಬಾಕ್ಸಿನ ಮೊದಲ ಗೇರೂ ಬೇರೆ. ಫ್ರಾನ್ಸಿನ ಸಿಟ್ರೋಯೆನ್ 1960ರ ಸುಮಾರಿಗೆ ಈ ಶಾಫ್ಟಿನ ತೊಡಕೇ ಬೇಡವೆಂದು ತನ್ನ ಪುಟ್ಟ 2ಸಿವಿ ಕಾರಿನ ಡಿಕ್ಕಿಯಲ್ಲಿ ಎರಡನೆಯ ಎಂಜಿನ್ ಇಟ್ಟು ‘ಸಹಾರಾ’ ಎಂಬ ಮಾದರಿಯನ್ನೇ ಮಾರಿತ್ತು. ಮುಂದಿನದು ಮುಂದಿನ ಗಾಲಿಗೆ, ಹಿಂದಿನದು ಹಿಂದಿನ ಗಾಲಿಗೆ. ಆ ಧೈರ್ಯ ನನಗೆ ಬಹಳ ಇಷ್ಟ. ಅದೇ ಉಪಾಯ ಈಗ ವಿದ್ಯುತ್ ಮೋಟಾರಿನ ರೂಪದಲ್ಲಿ ಮರಳಿದೆ: ಟೊಯೋಟಾ 2001ರಲ್ಲಿ ಎಸ್ಟಿಮಾ ಹೈಬ್ರಿಡ್ಡಿನ ಹಿಂದಿನ ಗಾಲಿಗಳಿಗೆ ಮೋಟಾರು ಕೊಟ್ಟು, ಉದ್ದದ ಶಾಫ್ಟನ್ನು ಕೈಬಿಟ್ಟಿತು.

ಕಾನೂನಿನ ಮಾತು ಚಿಕ್ಕದು, ಆದರೆ ಕಡೆಗಣಿಸುವಂಥದ್ದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಶಿರಸಿಯ ಕೆಎ-31ರ ಫಲಕ ಹೊತ್ತ ಕಾರಿನ ತಳ ಕತ್ತರಿಸಿ ರಸ್ತೆಗೆ ಇಳಿಸುವ ಮುನ್ನ ಇದು ನೆನಪಿರಲಿ.

ಇನ್ನೊಂದು ತಪ್ಪು ತಿಳಿವಳಿಕೆ ಪ್ರಾಣಕ್ಕೆ ಎರವಾಗಬಲ್ಲದು, ಅದನ್ನು ಹೇಳದೆ ಬಿಡಲಾರೆ. ಆಲ್-ವೀಲ್ ಡ್ರೈವ್ ಹತ್ತಲು ನೆರವಾಗುತ್ತದೆ, ನಿಲ್ಲಲು ಅಲ್ಲ. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕೂ ಗಾಲಿಗೆ ಹಿಡಿಯುತ್ತದೆ. ಮಳೆಯಲ್ಲಿ ಘಟ್ಟ ಇಳಿಯುವಾಗ ಕಾರನ್ನು ತಡೆಯುವುದು ಟೈರಿನ ಹಿಡಿತ ಮತ್ತು ಚಾಲಕನ ನಿಧಾನ.

ಭಾವ ಪರಿವರ್ತನೆಯ ಯೋಚನೆ ಬಿಟ್ಟರು. ಸವೆದ ಮುಂದಿನ ಟೈರುಗಳನ್ನು ಬದಲಿಸಿದರು. ದೀಪಾವಳಿ ಕಳೆದ ಮೇಲೆ, ಏರಿನ ಕಡಿದಾದ ಭಾಗಕ್ಕೆ ಗಾಲಿ ಹಾಯುವಷ್ಟು ಅಗಲದ ಎರಡು ಕಾಂಕ್ರೀಟ್ ಪಟ್ಟಿ ಹಾಕಿಸಿ, ಮೇಲ್ಮೈ ಒಣಗುವ ಮೊದಲೇ ಅಡ್ಡ ಗೀರುಗಳನ್ನು ಎಳೆಸಿದರು.